ಲೂಪಿನ್ ಹೂ ನಮ್ಮ ಕಡೆ ಬರುತ್ತದಾ? ಬೆಳೆದು ನೋಡಿದವರು ದಯವಿಟ್ಟು ಹೇಳಿ

ಬದಿಯಡ್ಕದ ಹಿತ್ತಿಲು · ಸೆಪ್ಟೆಂಬರ್ 6

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ಮೇಲಿನ ಗುಡ್ಡೆಯ ಬದಿಯಲ್ಲಿ ಉಂಟು. ಮೂರು ವರ್ಷದಿಂದ ಒಂದೇ ಹೂವಿನ ಹಿಂದೆ ಬಿದ್ದಿದ್ದೇನೆ. ಲೂಪಿನ್.

ತಂಗಿಯ ಮಗಳು ನ್ಯೂಜಿಲೆಂಡಿನಲ್ಲಿ ಇದ್ದಾಳೆ. ಅಲ್ಲಿಯ ಟೆಕಾಪೊ ಸರೋವರದ ದಡದ ಒಂದು ಫೋಟೊ ಕಳಿಸಿದ್ದಳು. ನೀರಿನ ಅಂಚಿನವರೆಗೂ ನೇರಳೆ, ಗುಲಾಬಿ, ಬಿಳಿ ಹೂವಿನ ಗೊನೆಗಳು ಸೊಂಟದೆತ್ತರ ನೆಟ್ಟಗೆ ನಿಂತಿವೆ. ಆ ದಿನದಿಂದ ನನಗೆ ಬೇರೆ ಹೂ ಕಣ್ಣಿಗೆ ಹಿಡಿಯುತ್ತಿಲ್ಲ.

ಮೊದಲ ವರ್ಷ, ಉಳಿದ ಹೂಗಿಡ ಹಾಕುವ ಹಾಗೆಯೇ ಮಳೆ ಹಿಡಿದ ಮೇಲೆ ಜೂನಿನಲ್ಲಿ ಬೀಜ ಹಾಕಿದೆ. ಮೊಳಕೆ ಬಂತು. ಹತ್ತು ದಿನದೊಳಗೆ ಬುಡ ಕೊಳೆತು ಅಡ್ಡ ಬಿತ್ತು. ಅಡಿಕೆಗೆ ಬಿಡುವ ಮೈಲುತುತ್ತು-ಸುಣ್ಣ ಉಳಿದದ್ದನ್ನು ಹಾಕಿ ನೋಡಿದೆ, ಪ್ರಯೋಜನ ಆಗಲಿಲ್ಲ. ಎರಡನೇ ವರ್ಷ ಡಿಸೆಂಬರಿನಲ್ಲಿ ಕಪ್ಪು ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಹಾಕಿ, ಐದಾರು ಎಲೆ ಬಂದ ಮೇಲೆ ಕಿತ್ತು ಅಂಗಳದ ಬದಿಗೆ ನೆಟ್ಟೆ. ಒಂದೂ ಹಿಡಿಯಲಿಲ್ಲ. ಕಳೆದ ವರ್ಷ ಅಕ್ಟೋಬರಿನಲ್ಲಿ ನೇರವಾಗಿ ದೊಡ್ಡ ಚಟ್ಟಿಗೇ ಹಾಕಿದೆ. ಗಿಡ ಬದುಕಿತು. ಎಲೆ ಎಷ್ಟು ಚಂದ ಅಂದರೆ, ಅಂಗೈ ಬಿಡಿಸಿ ಹಿಡಿದ ಹಾಗೆ. ಬೆಳಿಗ್ಗೆ ಎಲೆಯ ನಡುವೆ ಸರಿಯಾಗಿ ಒಂದು ಹನಿ ಮಂಜು ಕೂತಿರುತ್ತಿತ್ತು. ಆದರೆ ಏಪ್ರಿಲಿನಲ್ಲಿ ಗಿಡ ಒಣಗುವವರೆಗೂ ಒಂದು ಮೊಗ್ಗು ಕೂಡ ಬರಲಿಲ್ಲ.

ಬೀಜ ಆನ್‌ಲೈನಿನಲ್ಲಿ ತರಿಸಿದ್ದು. ಪ್ಯಾಕೆಟಿನ ಮೇಲೆ ಲೂಪಿನ್ ಮಿಕ್ಸ್ ಅಂತ ಮಾತ್ರ ಇತ್ತು. ನಾನು ಎಲ್ಲಿ ತಪ್ಪಿದೆ? ನಮ್ಮ ಹವೆಗೆ ಇದು ಬರುವುದೇ ಇಲ್ಲವಾ? ಬರುವುದಿಲ್ಲ ಅಂತಾದರೆ ಹಾಗೇ ಹೇಳಿ, ಬೇಸರ ಮಾಡಿಕೊಳ್ಳುವುದಿಲ್ಲ.

ಮಂಜೇಶ್ವರ ಮಾಷ್ಟ್ರು · ಸೆಪ್ಟೆಂಬರ್ 6

ಅಕ್ಕಾ, ನೀವು ಮೂರು ಸಲವೂ ಸೋತದ್ದು ಒಂದೇ ಕಾರಣಕ್ಕೆ ಅಲ್ಲ. ಮೊದಲ ಸಲ ನೀರು ಜಾಸ್ತಿ. ಎರಡನೇ ಸಲ ಬೇರು ಮುರಿಯಿತು. ಮೂರನೇ ಸಲ ಚಳಿ ಸಾಲಲಿಲ್ಲ. ಅಂದರೆ ಪ್ರತಿ ಸಲ ನೀವು ಒಂದು ಮೆಟ್ಟಿಲು ಮುಂದೆ ಬಂದಿದ್ದೀರಿ. ನನಗೆ ಹಾಗೆಯೇ ಕಾಣುತ್ತದೆ.

ಮೊದಲು ಒಂದು ವಿಷಯ. ಲೂಪಿನ್ ಅಂದರೆ ಒಂದು ಗಿಡ ಅಲ್ಲ. ನಮ್ಮ ಹುರುಳಿ, ಅವರೆ, ತೊಗರಿಯ ಕುಟುಂಬದ ಒಂದು ದೊಡ್ಡ ಬಳಗ. 200ಕ್ಕೂ ಹೆಚ್ಚು ಜಾತಿಗಳು ಉಂಟು. ಹೆಚ್ಚಿನವು ಅಮೆರಿಕದ ಎರಡು ಖಂಡಗಳವು, ಕೆಲವು ಮೆಡಿಟರೇನಿಯನ್ ಸಮುದ್ರದ ಸುತ್ತಿನವು. ಹಿಮದ ಅಲಾಸ್ಕಾದಲ್ಲೂ ಇದೆ, ಬಿಸಿಲಿನ ಟೆಕ್ಸಾಸಿನಲ್ಲೂ ಇದೆ, ಆಂಡಿಸ್ ಪರ್ವತದ ಮೇಲೂ ಇದೆ. ಹಾಗಾಗಿ ಲೂಪಿನ್ ನಮ್ಮಲ್ಲಿ ಬರುತ್ತದಾ ಅಂತ ಕೇಳುವ ಬದಲು ಯಾವ ಲೂಪಿನ್ ಬರುತ್ತದೆ ಅಂತ ಕೇಳಬೇಕು.

ಮಿಕ್ಸ್ ಅಂತ ಬರುವ ಪ್ಯಾಕೆಟ್ ಹೆಚ್ಚಾಗಿ ರಸೆಲ್ ತಳಿಯದ್ದು. ಅದರ ಕತೆ ನನಗೆ ಬಹಳ ಇಷ್ಟ. 1820ರ ದಶಕದಲ್ಲಿ ಡೇವಿಡ್ ಡಗ್ಲಸ್ ಎಂಬವರು ಉತ್ತರ ಅಮೆರಿಕದಿಂದ ಲೂಪಿನಸ್ ಪಾಲಿಫಿಲಸ್ ಎಂಬ ಜಾತಿಯನ್ನು ಬ್ರಿಟನ್ನಿಗೆ ತಂದರು. ಆಗ ಅದು ಹೆಚ್ಚಾಗಿ ನೀಲಿ. ಯಾರ್ಕ್ ಪಟ್ಟಣದ ಜಾರ್ಜ್ ರಸೆಲ್ ಎಂಬ ತೋಟದ ಕೆಲಸಗಾರರು ತಮ್ಮ ಸಣ್ಣ ತುಂಡು ಜಾಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಅದನ್ನು ಬೆಳೆದರು. ಪರಾಗ ಬೆರೆಸುವ ಕೆಲಸವನ್ನು ದುಂಬಿಗಳಿಗೇ ಬಿಟ್ಟರು. ಬಂದ ಗಿಡಗಳಲ್ಲಿ ಒಳ್ಳೆಯದನ್ನು ಮಾತ್ರ ಉಳಿಸಿಕೊಂಡು ಉಳಿದದ್ದನ್ನು ಕಿತ್ತು ಹಾಕುತ್ತಾ ಹೋದರು. 1937ರಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಪ್ರದರ್ಶನದಲ್ಲಿ ಆ ಹೂಗಳನ್ನು ತೋರಿಸಿದಾಗ ಅವರಿಗೆ ಸುಮಾರು 80 ವರ್ಷ. ನಿಮ್ಮ ಫೋಟೊದಲ್ಲಿ ಇರುವುದೂ ಅವರ ಗಿಡಗಳ ಸಂತತಿಯೇ.

ಆದರೆ ಆ ಗಿಡ ಇಂಗ್ಲೆಂಡಿನ ಹವೆಯಲ್ಲಿ ಹುಟ್ಟಿ ಬೆಳೆದದ್ದು. ಹೆಚ್ಚಾಗಿ ಮೊದಲ ವರ್ಷ ಎಲೆ ಮಾತ್ರ. ಒಂದು ಚಳಿಗಾಲ ಕಳೆದ ಮೇಲೆ ಹೂ. ನಮ್ಮಲ್ಲಿ ಆ ಚಳಿ ಎಲ್ಲಿಂದ ಬರಬೇಕು? ಮಂಜೇಶ್ವರದಲ್ಲಿ ಜನವರಿಯ ಬೆಳಗಿನ ಜಾವವೂ ನನ್ನ ಥರ್ಮಾಮೀಟರ್ 20ರಿಂದ ಕೆಳಗೆ ಇಳಿಯುವುದು ಅಪರೂಪ. ಗಿಡಕ್ಕೆ ಹಗಲಿನ ಬಿಸಿಲಿಗಿಂತ ರಾತ್ರಿಯ ಸೆಕೆಯೇ ಹೆಚ್ಚು ಕಷ್ಟ.

ಮಣ್ಣಿನ ಬಗ್ಗೆ ಮಾತ್ರ ಹೆದರಬೇಡಿ. ನಮ್ಮ ಮುರಕಲ್ಲಿನ ಮಣ್ಣು ಹುಳಿ. ಹೆಚ್ಚಿನ ಲೂಪಿನ್‌ಗಳಿಗೆ ಹುಳಿ ಮಣ್ಣೇ ಹಿತ. ಪಿಎಚ್ 5.5ರಿಂದ 7ರ ಒಳಗೆ ಇದ್ದರೆ ಹೆಚ್ಚಿನ ಜಾತಿಗಳಿಗೆ ಸಾಕು. ಒಂದು ಮಾತು, ಸುಣ್ಣ ಹಾಕಬೇಡಿ. ಮೈಲುತುತ್ತಿನ ದ್ರಾವಣದಲ್ಲೂ ಸುಣ್ಣ ಉಂಟಲ್ಲಾ.

ಕೋತಗಿರಿ ಹಟ್ಟಿ · ಸೆಪ್ಟೆಂಬರ್ 7

ಮಾಷ್ಟ್ರು ಹೇಳಿದ್ದು ಸರಿ. ನಾನು ನೀಲಗಿರಿಯ ಬಡಗ. ಮನೆಯಲ್ಲಿ ಬಡಗ ಮಾತು, ಕನ್ನಡ ಓದಿ ಕಲಿತದ್ದು. ತಪ್ಪಿದ್ದರೆ ತಿದ್ದಿ. ನಿಮ್ಮ ಕಡೆ ಹಟ್ಟಿ ಅಂದರೆ ದನದ ಕೊಟ್ಟಿಗೆ ಅಂತೆ, ನಮ್ಮಲ್ಲಿ ಹಟ್ಟಿ ಅಂದರೆ ಊರು.

ನಮ್ಮ ಮನೆ ಮುಂದೆ ಒಂಬತ್ತು ವರ್ಷದಿಂದ ರಸೆಲ್ ಲೂಪಿನ್ ಇದೆ. ಟೀ ಬೆಳೆಯುವ ಮಣ್ಣು, ಅದೂ ಹುಳಿಯೇ. ಡಿಸೆಂಬರ್, ಜನವರಿಯ ರಾತ್ರಿ 10 ಡಿಗ್ರಿಯ ಹತ್ತಿರ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೂ. ಕಲಿತದ್ದನ್ನು ಹೇಳುತ್ತೇನೆ.

ಬೀಜದ ಸಿಪ್ಪೆ ಕಲ್ಲಿನಂತೆ. ಉಪ್ಪು ಕಾಗದದಲ್ಲಿ ಒಂದು ಬದಿಯನ್ನು ಸ್ವಲ್ಪ ಉಜ್ಜಿ, ಒಂದು ದಿನ ನೀರಿನಲ್ಲಿ ನೆನೆಸಿ. ಉಬ್ಬಿದ ಬೀಜ ಮಾತ್ರ ಹಾಕಿ. ಉಬ್ಬದೆ ಉಳಿದದ್ದನ್ನು ಮತ್ತೆ ಉಜ್ಜಿ. 15ರಿಂದ 20 ಡಿಗ್ರಿ ಇದ್ದರೆ ಎರಡರಿಂದ ನಾಲ್ಕು ವಾರದೊಳಗೆ ಮೊಳಕೆ ಬರುತ್ತದೆ.

ಬೇರು ನೆಟ್ಟಗೆ ಆಳಕ್ಕೆ ಇಳಿಯುತ್ತದೆ, ಮೂಲಂಗಿ ಹಾಗೆ. ಅದನ್ನು ಕಿತ್ತು ನೆಟ್ಟರೆ ಮುಗಿಯಿತು. ಅಕ್ಕನ ಎರಡನೇ ವರ್ಷದ ಗಿಡಗಳು ಹೋದದ್ದು ಹೀಗೇ. ಆಳ ಇರುವ ಕುಂಡದಲ್ಲಿ, ಇರಬೇಕಾದ ಜಾಗದಲ್ಲೇ ಹಾಕಬೇಕು.

ಹೂ ಬಾಡಿದ ಕೂಡಲೇ ಕಾಯಿ ಕಟ್ಟುವ ಮುಂಚೆ ಗೊನೆ ಕತ್ತರಿಸಿ. ಸಣ್ಣದಾಗಿ ಇನ್ನೊಂದು ಸಲ ಹೂ ಬಿಡುತ್ತದೆ. ಒಂದು ಗಿಡ ನಾಲ್ಕೈದು ವರ್ಷ ಚೆನ್ನಾಗಿರುತ್ತದೆ, ಆಮೇಲೆ ಬುಡ ಕಟ್ಟಿಗೆಯ ಹಾಗಾಗಿ ಸೊರಗುತ್ತದೆ. ಬೀಜದಿಂದ ಅದೇ ಬಣ್ಣ ಬರುವುದಿಲ್ಲ. ಅದೇ ಬಣ್ಣ ಬೇಕೆಂದರೆ ಬುಡದಿಂದ ಹೊಸದಾಗಿ ಏಳುವ ಚಿಗುರನ್ನು ಕತ್ತರಿಸಿ ಬೇರು ಬರಿಸಬೇಕು. ಹೇನು ಗೊನೆಗೇ ಮುತ್ತುತ್ತದೆ, ನೀರು ಚಿಮ್ಮಿಸಿ ತೊಳೆದರೆ ಸಾಕು. ಮಳೆಯಲ್ಲಿ ಬಸವನಹುಳು ಕಾಟ.

ಇನ್ನೊಂದು ಮಾತು ಹೇಳದೆ ಇರಲಾರೆ. ಟೆಕಾಪೊ ಫೋಟೊ ನಾನೂ ನೋಡಿದ್ದೇನೆ. ಆ ಹೂ ಅಲ್ಲಿಯದ್ದಲ್ಲ. ಅಲ್ಲಿಯ ಹೊಳೆಗಳು ಬರೀ ಕಲ್ಲುಹಾಸಿನ ನಡುವೆ ಹತ್ತಾರು ಕವಲಾಗಿ ಹರಿಯುತ್ತವೆ. ಬರಿಗಲ್ಲಿನ ಮೇಲೆ ಮೊಟ್ಟೆ ಇಡುವ ಹಕ್ಕಿಗಳು ಅಲ್ಲಿವೆ. ಲೂಪಿನ್ ಆ ಕಲ್ಲುಗಳನ್ನು ಮುಚ್ಚಿತು. ಮೊಟ್ಟೆಗೆ ಜಾಗ ಇಲ್ಲ, ಬೆಕ್ಕಿನಂಥ ಬೇಟೆ ಪ್ರಾಣಿಗಳಿಗೆ ಅಡಗಲು ಜಾಗ ಆಯಿತು. ಐಸ್‌ಲ್ಯಾಂಡಿನಲ್ಲೂ ಹೀಗೇ. ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು 1945ರಲ್ಲಿ ಅಲಾಸ್ಕಾದಿಂದ ಲೂಪಿನ್ ತಂದರು. ಮಣ್ಣು ನಿಂತಿತು ನಿಜ. ಆದರೆ ಅಲ್ಲಿಯ ಪಾಚಿ, ಸಣ್ಣ ಗಿಡಗಳ ಮೇಲೂ ಅದು ಹಬ್ಬಿತು.

ನಮ್ಮ ಬೆಟ್ಟದಲ್ಲಿ ಬ್ರಿಟಿಷರು ತಂದ ಗಾರ್ಸ್, ಸ್ಕಾಚ್ ಬ್ರೂಮ್ ಅಂತ ಎರಡು ಹಳದಿ ಹೂವಿನ ಪೊದೆಗಳಿವೆ. ಎರಡೂ ಲೂಪಿನ್‌ಗೆ ಹತ್ತಿರದ ಸಂಬಂಧಿಗಳು. ನಮ್ಮ ಹುಲ್ಲುಗಾವಲನ್ನು ಎಷ್ಟು ತಿಂದಿವೆ ಅಂತ ಮುಕುರ್ತಿ ಕಡೆ ಹೋದವರಿಗೆ ಗೊತ್ತು. ಅದಕ್ಕೆ ನಾನು ಒಂದು ಕಾಯಿಯನ್ನೂ ಗಿಡದಲ್ಲಿ ಒಣಗಲು ಬಿಡುವುದಿಲ್ಲ. ಬೆಟ್ಟದ ಮೇಲಿರುವ ಯಾರೂ ಬಿಡಬಾರದು ಅನ್ನುವುದು ನನ್ನ ಕೋರಿಕೆ.

ಬದಿಯಡ್ಕದ ಹಿತ್ತಿಲು · ಸೆಪ್ಟೆಂಬರ್ 7

ಅಣ್ಣಾ, ಹಕ್ಕಿಗಳ ವಿಷಯ ನನಗೆ ಗೊತ್ತೇ ಇರಲಿಲ್ಲ. ಓದಿ ಮನಸ್ಸಿಗೆ ಒಂಥರಾ ಆಯಿತು. ತಂಗಿಯ ಮಗಳಿಗೂ ಹೇಳಿದೆ. ಬರುವಾಗ ಬೀಜ ತರುತ್ತೇನೆ ಅಂತಿದ್ದಳು.

ಮಂಜೇಶ್ವರ ಮಾಷ್ಟ್ರು · ಸೆಪ್ಟೆಂಬರ್ 7

ಅದು ಬೇಡವೇ ಬೇಡ ಅಕ್ಕಾ. ಹೊರದೇಶದಿಂದ ಬೀಜ ತರುವುದಕ್ಕೆ 2003ರ ಸಸ್ಯ ಸಂಗರೋಧ ಆದೇಶ ಉಂಟು. ಪರವಾನಗಿ ಬೇಕು, ಆ ದೇಶದ ರೋಗಮುಕ್ತ ಪ್ರಮಾಣಪತ್ರ ಬೇಕು. ಬ್ಯಾಗಿನಲ್ಲಿ ಇಟ್ಟು ತಂದರೆ ಬೀಜದ ಜೊತೆ ಯಾವ ರೋಗ ಬರುತ್ತದೋ ಹೇಳಲಾಗದು. ಇಲ್ಲಿ ಸಿಗುವ ಬೀಜವೇ ಸಾಕು.

ಅಕ್ಕಲಕೋಟೆ ಎರೆಹೊಲ · ಸೆಪ್ಟೆಂಬರ್ 9

ಅಕ್ಕಾವರಿಗೆ ನಮಸ್ಕಾರ. ನಾವು ಸೊಲ್ಲಾಪುರ ಜಿಲ್ಲೆ ಅಕ್ಕಲಕೋಟೆ ಕಡೆಯವರು. ಹಿಂಗಾರಿ ಜೋಳ, ಕಡಲೆ ನಮ್ಮ ಬೆಳೆ. ನಿಮ್ಮ ಕತೆಗೂ ನಮ್ಮ ಕತೆಗೂ ಪೂರ್ತಿ ಉಲ್ಟಾ ನೋಡ್ರಿ. ನಿಮಗೆ ಮಣ್ಣು ಸರಿ, ಹವಾ ಸರಿ ಇಲ್ಲ. ನಮಗೆ ಚಳಿಗಾಲದ ಹವಾ ಸರಿ, ಮಣ್ಣೇ ಸರಿ ಇಲ್ಲ.

ನಾಲ್ಕು ವರ್ಷದ ಹಿಂದೆ ಒಬ್ಬರು ಬಿಳಿ ಲೂಪಿನ್ ಬೀಜ ಕೊಟ್ಟು, ಇದು ಕಡಲೆಗಿಂತ ಲಾಭದ ಬೆಳೆ ಅಂದಿದ್ದರು. ಎರಡು ಗುಂಟೆ ಹಾಕಿದೆ. ಒಂದು ತಿಂಗಳಿಗೆ ಎಳೆ ಎಲೆಗಳು ಹಳದಿ ತಿರುಗಿದವು. ಎಲೆಯ ನರ ಮಾತ್ರ ಹಸಿರು. ಗೊಬ್ಬರ ಕಡಿಮೆ ಅಂತ ಇನ್ನಷ್ಟು ಹಾಕಿದೆ, ಇನ್ನಷ್ಟು ಹಳದಿ. ಕೃಷಿ ಓದಿದ ನಮ್ಮ ಅಳಿಯ ಬಂದು, ಒಂದು ಬೊಗಸೆ ಒಣ ಮಣ್ಣಿಗೆ ಅಡುಗೆ ಮನೆಯ ವಿನೆಗರ್ ಹಾಕಿ ತೋರಿಸಿದ. ಸುರ್ ಅಂತ ನೊರೆ ಬಂತು. ಮಣ್ಣಿನಲ್ಲಿ ಸುಣ್ಣ ಇದ್ದರೆ ಹಾಗಾಗುತ್ತದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಅದಕ್ಕೇ ಎಲೆ ಹಳದಿ. ಯಾರಾದರೂ ಲೂಪಿನ್ ಹಾಕುವ ಮೊದಲು ಈ ಪರೀಕ್ಷೆ ಮಾಡಿರಿ. ಎರಡು ರೂಪಾಯಿ ಖರ್ಚಿಲ್ಲ.

ಆಮೇಲೆ ಅಳಿಯನೇ ಇನ್ನೊಂದು ಹೇಳಿದ. ಟೆಕ್ಸಾಸಿನಲ್ಲಿ ಬ್ಲೂಬಾನೆಟ್ ಅಂತ ಒಂದು ಲೂಪಿನ್ ಇದೆ, ಅದು ಸುಣ್ಣದ ಮಣ್ಣಿನಲ್ಲೇ ಬೆಳೆಯುವಂಥದ್ದು. ಅಲ್ಲಿ ನಮ್ಮ ಎರೆಯಂಥದ್ದೇ ಕಪ್ಪು ಮಣ್ಣು ಇದೆ, ಬೇಸಿಗೆಗೆ ಬಿರಿಯುತ್ತದೆ, ಮಳೆಗೆ ಅಂಟಾಗುತ್ತದೆ. ಆ ಕಪ್ಪು ಮಣ್ಣಿನ ಊರುಗಳಲ್ಲೂ ಮಾರ್ಚ್-ಏಪ್ರಿಲಿನಲ್ಲಿ ರಸ್ತೆ ಬದಿಯೆಲ್ಲ ನೀಲಿ ಆಗುತ್ತದಂತೆ. ಬ್ಲೂಬಾನೆಟ್ 1901ರಿಂದ ಆ ರಾಜ್ಯದ ಹೂ. ಇದು ಕೇಳಿ ನನಗೆ ಮೈ ಜುಮ್ ಅಂತು. ಭೂಮಿಯ ಆ ಕಡೆ ನಮ್ಮಂಥದೇ ನೆಲ ಉಳುವವರು ಇದ್ದಾರೆ ಅಂತ.

ಅಲ್ಲಿ ಅದು ತಾನಾಗಿ ಚಳಿಗಾಲದ ಮೊದಲು ಹುಟ್ಟಿ, ಚಳಿಯಲ್ಲಿ ನೆಲಕ್ಕೆ ಅಂಟಿಕೊಂಡು ಎಲೆ ಮಾತ್ರ ಬೆಳೆಸಿ, ಚಳಿ ಬಿಡುವಾಗ ಹೂ ಬಿಟ್ಟು, ಬೇಸಿಗೆಯೊಳಗೆ ಬೀಜ ಉದುರಿಸಿ ಸಾಯುತ್ತದೆ. ನಮ್ಮ ಕಡಲೆಯ ಲೆಕ್ಕವೇ. ಹಾಗಾಗಿ ನಾನೂ ಕಡಲೆ ಬಿತ್ತುವ ದಿನವೇ, ಅಕ್ಟೋಬರ್ ಮೊದಲ ವಾರ, ಬದುವಿನ ಇಳಿಜಾರಿನಲ್ಲಿ ಹಾಕಿದೆ. ಹೊಲದ ಒಳಗೆ ಹಾಕಲಿಲ್ಲ, ನೀರು ನಿಂತರೆ ಬದುಕುವುದಿಲ್ಲ. ಗೊಬ್ಬರ ಏನೂ ಇಲ್ಲ. ಮೊಳಕೆ ಬರುವವರೆಗೆ ಎರಡು ಸಲ ನೀರು. ಡಿಸೆಂಬರಿನಲ್ಲಿ ತಟ್ಟೆಯಷ್ಟು ಅಗಲ, ಗೇಣುದ್ದ ಕೂಡ ಎತ್ತರ ಇಲ್ಲ. ಹೆಂಡತಿ ಇದೇನು ಸಾಯುವ ಗಿಡ ಅಂದಳು. ಫೆಬ್ರುವರಿ ಎರಡನೇ ವಾರ ಬದು ನೀಲಿ ಆಯಿತು.

ಇನ್ನೊಂದು ಸೋಜಿಗ ನೋಡಿರಿ. ಹೊಸ ಹೂವಿನ ಮೇಲಿನ ಎಸಳಿನಲ್ಲಿ ಬಿಳಿ ಚುಕ್ಕೆ ಇರುತ್ತದೆ. ಹೂ ಹಳತಾದ ಮೇಲೆ ಆ ಚುಕ್ಕೆ ನೇರಳೆ-ಕೆಂಪು ಆಗುತ್ತದೆ. ಜೇನು ಬಿಳಿ ಚುಕ್ಕೆಯ ಹೂವಿಗೇ ಹೋಗುತ್ತದೆ, ಕೆಂಪಾದದ್ದನ್ನು ಬಿಟ್ಟು ಹಾರುತ್ತದೆ. ಬದುವಿನ ಮೇಲೆ ಕೂತು ಅರ್ಧ ತಾಸು ಅದನ್ನೇ ನೋಡಿದ್ದೇನೆ.

ಮಡಕಶಿರಾ ಕೆಂಪುನೆಲ · ಸೆಪ್ಟೆಂಬರ್ 10

ಅಣ್ಣಾ, ಆ ಬಿಳಿ ಲೂಪಿನ್ ಬಗ್ಗೆ ನಮ್ಮ ಕಡೆಯೂ ಮಾತು ಬಂದಿದೆ. ಕಡಲೆಕಾಯಿ ಬೆಳೆದು ಸಾಕಾಗಿದೆ. ಮಳೆ ಕೈಕೊಟ್ಟರೆ ಬೀಜದ ಕಾಸೂ ಹುಟ್ಟುವುದಿಲ್ಲ. ಇದರ ಕಾಳಿನಲ್ಲಿ ಪ್ರೋಟೀನ್ ಜಾಸ್ತಿ, ಮಾರ್ಕೆಟ್ ಇದೆ ಅಂತಾರೆ. ನಿಜವಾ? ಕಡಲೆಕಾಯಿ ಬೀಜಕ್ಕೆ ಹಚ್ಚುವ ರೈಜೋಬಿಯಂ ಪುಡಿಯನ್ನೇ ಇದಕ್ಕೂ ಹಚ್ಚಬಹುದಾ?

ಮಂಜೇಶ್ವರ ಮಾಷ್ಟ್ರು · ಸೆಪ್ಟೆಂಬರ್ 10

ತಮ್ಮಾ, ದುಡ್ಡು ಹಾಕುವ ಮೊದಲು ಇದನ್ನು ಪೂರ್ತಿ ಓದು.

ಪ್ರೋಟೀನ್ ಜಾಸ್ತಿ ಇರುವುದು ನಿಜ. ಆಂಡಿಸ್ ಪರ್ವತದ ತರ್ವಿ ಎಂಬ ಲೂಪಿನ್ ಕಾಳಿನಲ್ಲಿ 40 ಶೇಕಡಕ್ಕೂ ಹೆಚ್ಚು. ಈಜಿಪ್ಟಿನಲ್ಲಿ, ಇಟಲಿಯಲ್ಲಿ ಬಿಳಿ ಲೂಪಿನ್ ಕಾಳನ್ನು ಉಪ್ಪು ಹಾಕಿ ಕುರುಕಲು ತಿಂಡಿಯ ಹಾಗೆ ತಿನ್ನುತ್ತಾರೆ. ಆದರೆ ಹಸಿ ಕಾಳು ವಿಷ. ಕಹಿ ಅಲ್ಕಲಾಯ್ಡ್‌ಗಳು ತುಂಬಿರುತ್ತವೆ. ಬೇಯಿಸಿ, ನೀರು ಬದಲಿಸುತ್ತಾ ದಿನಗಟ್ಟಲೆ ನೆನೆಸಿ, ಕಹಿ ಪೂರ್ತಿ ಹೋದ ಮೇಲೆ ಮಾತ್ರ ಬಾಯಿಗೆ ಹಾಕುವುದು. ಆಂಡಿಸಿನಲ್ಲಿ ಚೀಲ ಕಟ್ಟಿ ಹರಿಯುವ ತೊರೆಯಲ್ಲೇ ಇಡುತ್ತಾರೆ. ನೆಲಗಡಲೆ ತಿಂದರೆ ಅಲರ್ಜಿ ಆಗುವ ಕೆಲವರಿಗೆ ಲೂಪಿನ್ ಕೂಡ ಆಗುವುದಿಲ್ಲ. ಅದಕ್ಕೆ ಯುರೋಪಿನಲ್ಲಿ ತಿಂಡಿ ಪೊಟ್ಟಣದ ಮೇಲೆ ಲೂಪಿನ್ ಇದ್ದರೆ ಬರೆಯಲೇಬೇಕು ಎಂಬ ನಿಯಮ ಉಂಟು.

ಕಹಿ ಇಲ್ಲದ ತಳಿಗಳೂ ಇವೆ. ಪಶ್ಚಿಮ ಆಸ್ಟ್ರೇಲಿಯದಲ್ಲಿ ಜಾನ್ ಗ್ಲ್ಯಾಡ್‌ಸ್ಟೋನ್ಸ್ ಎಂಬ ವಿಜ್ಞಾನಿ ಸಣ್ಣ ಎಲೆಯ ಲೂಪಿನ್ ಅನ್ನು ತಿದ್ದಿ ತಿದ್ದಿ ಬೆಳೆಯಾಗಿ ಮಾಡಿದರು. ಅವರ ಯೂನಿವೈಟ್ ತಳಿ ಬಂದದ್ದು 1967ರಲ್ಲಿ. ಅಲ್ಲಿ ಚಳಿಗಾಲದಲ್ಲೇ ಮಳೆ, ಮರಳು ಮಣ್ಣು, ಹುಳಿ ಗುಣ. ನಿಮ್ಮಲ್ಲಿ ಆ ಮೂರರಲ್ಲಿ ಮೊದಲನೆಯದ್ದು ಇಲ್ಲ. ಕೊಳ್ಳುವವನು ಯಾರು, ಎಷ್ಟಕ್ಕೆ ಅಂತ ಕಾಗದದಲ್ಲಿ ಬರೆದು ಕೊಡುವವರೆಗೆ ಒಂದು ಎಕರೆಯನ್ನೂ ಕೊಡಬೇಡ. ಅಂಗಳದ ಮೂಲೆಯಲ್ಲಿ ಹತ್ತು ಗಿಡ ಹಾಕಿ ನೋಡು, ಅದಕ್ಕೆ ಅಡ್ಡಿ ಇಲ್ಲ.

ರೈಜೋಬಿಯಂ ಬಗ್ಗೆ. ಬೇಳೆಗಿಡಗಳ ಬೇರಿನ ಗಂಟಿನಲ್ಲಿ ಇದ್ದು ಗಾಳಿಯ ಸಾರಜನಕ ಹಿಡಿದು ಕೊಡುವ ಜೀವಾಣುಗಳು ಬಹಳ ಆಯ್ಕೆ ಮಾಡುತ್ತವೆ. ಲೂಪಿನ್‌ಗೆ ಹೊಂದುವುದು ಬ್ರಾಡಿರೈಜೋಬಿಯಂ ಗುಂಪಿನ ಅದರದ್ದೇ ಜೀವಾಣು. ಬೇರೆ ಪುಡಿ ಹಚ್ಚಿದರೆ ಕೆಲಸ ಆಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಒಂದು ಗಿಡ ಕಿತ್ತು ಬೇರಿನ ಗಂಟನ್ನು ಉಗುರಿನಲ್ಲಿ ಸೀಳಿ ನೋಡು. ಒಳಗೆ ಗುಲಾಬಿ ಬಣ್ಣ ಇದ್ದರೆ ಕೆಲಸ ನಡೆಯುತ್ತಿದೆ. ಬಿಳಿ ಇಲ್ಲವೇ ಹಸಿರು ಇದ್ದರೆ ಇಲ್ಲ.

ಬಿಳಿ ಲೂಪಿನ್ ಬೇರಿನಲ್ಲಿ ಇನ್ನೊಂದು ಗುಣ ಉಂಟು, ನಮ್ಮ ಕಾಸರಗೋಡಿನವರಿಗೆ ಅದು ಮುಖ್ಯ. ಬಾಟಲಿ ತೊಳೆಯುವ ಬ್ರಶ್ಶಿನ ಹಾಗೆ ಒತ್ತಾದ ಸಣ್ಣ ಬೇರಿನ ಗೊಂಚಲು ಬಿಡುತ್ತದೆ. ಅಲ್ಲಿಂದ ನಿಂಬೆಯಲ್ಲಿರುವಂಥ ಹುಳಿಯನ್ನು ಹೊರಗೆ ಬಿಟ್ಟು, ಮಣ್ಣು ಬಿಗಿಯಾಗಿ ಹಿಡಿದ ರಂಜಕವನ್ನು ಬಿಡಿಸಿಕೊಳ್ಳುತ್ತದೆ. ಮುರಕಲ್ಲಿನ ಕೆಂಪು ಮಣ್ಣಿನಲ್ಲಿ ರಂಜಕ ಹಾಗೆಯೇ ಸಿಕ್ಕಿಬಿದ್ದಿರುತ್ತದೆ. ಲೂಪಿನ್ ಎಂಬ ಹೆಸರು ಬಂದದ್ದು ಲ್ಯಾಟಿನಿನ ಲೂಪಸ್, ಅಂದರೆ ತೋಳ ಎಂಬ ಮಾತಿನಿಂದ. ಬಡ ಮಣ್ಣಿನಲ್ಲೇ ಕಾಣುತ್ತದಲ್ಲ, ಅದಕ್ಕೆ ಮಣ್ಣಿನ ಸಾರವನ್ನು ತೋಳದ ಹಾಗೆ ತಿನ್ನುತ್ತದೆ ಅಂತ ಹಿಂದಿನವರು ತಿಳಿದಿದ್ದರಂತೆ. ಪಾಪದ ಗಿಡ. ಅದು ಮಾಡುವುದು ಪೂರ್ತಿ ಉಲ್ಟಾ ಕೆಲಸ.

ತಾಳವಾಡಿ ಚೆಂಡುಹೂ · ಸೆಪ್ಟೆಂಬರ್ 11

ವಿಷ ಅಂದಿರಲ್ಲ ಮೇಷ್ಟ್ರೇ, ಹಸು ತಿಂದರೆ? ಬೇಲಿ ಪಕ್ಕ ಹಾಕೋಣ ಅಂತಿದ್ದೆ.

ಕೋತಗಿರಿ ಹಟ್ಟಿ · ಸೆಪ್ಟೆಂಬರ್ 11

ಬೇಡ. ಅಮೆರಿಕದಲ್ಲಿ ಗಬ್ಬದ ಹಸು ಕೆಲವು ಕಾಡು ಲೂಪಿನ್ ತಿಂದರೆ ಕರು ಕಾಲು ಸೊಟ್ಟಗಾಗಿ ಹುಟ್ಟುತ್ತದೆ. ಅದಕ್ಕೆ ಅಲ್ಲಿ ಸೊಟ್ಟ ಕರುವಿನ ರೋಗ ಅಂತಲೇ ಹೆಸರಿದೆ. ಹಸು, ಮೇಕೆ, ಸಣ್ಣ ಮಕ್ಕಳು ಮುಟ್ಟದ ಕಡೆ ಇಡಿ. ಕಾಯಿ ನೋಡಲು ಅವರೆಕಾಯಿ ಹಾಗೇ ಇರುತ್ತದೆ, ಮಕ್ಕಳಿಗೆ ಮೊದಲೇ ಹೇಳಿ.

ಹೊಸೂರು ಕುಂಡ · ಸೆಪ್ಟೆಂಬರ್ 12

ನಾನು ಬಾಗಲೂರು ರಸ್ತೆಯಲ್ಲಿ ಸಣ್ಣ ನರ್ಸರಿ ನಡೆಸುತ್ತೇನೆ. ಸುತ್ತ ಎಲ್ಲ ಗುಲಾಬಿಯ ಪಾಲಿಹೌಸ್‌ಗಳು. ಅಕ್ಕ, ನಿಮಗೆ ನನ್ನ ಸಲಹೆ, ರಸೆಲ್ ಬಿಡಿ. ಹಾರ್ಟ್ವೆಗಿ ಅಂತ ಮೆಕ್ಸಿಕೋ ದೇಶದ ಲೂಪಿನ್ ಇದೆ. ಒಂದೇ ವರ್ಷದ ಗಿಡ, ಹೂವಿಗೆ ಚಳಿಗಾಲ ಕಾಯುವುದಿಲ್ಲ. ಗೊನೆ ರಸೆಲ್ ಅಷ್ಟು ದಪ್ಪ ಬರುವುದಿಲ್ಲ, ಆದರೆ ಬರುತ್ತದೆ. ಉತ್ತರ ಭಾರತದ ಬಯಲಿನ ತೋಟಗಳಲ್ಲಿ ಚಳಿಗಾಲದ ಹೂವಾಗಿ ಹಾಕುವುದೂ ಇದನ್ನು. ಪ್ಯಾಕೆಟಿನ ಮೇಲೆ ಆ ಹೆಸರು ಇದೆಯಾ ಅಂತ ನೋಡಿಯೇ ತಗೊಳ್ಳಿ.

ರಸೆಲ್ಲೇ ಬೇಕು ಅನ್ನುವವರಿಗೆ ಗ್ಯಾಲರಿ ಅಂತ ಗಿಡ್ಡ ತಳಿ ಇದೆ, ಬೇಗ ಹಾಕಿದರೆ ಮೊದಲ ವರ್ಷವೇ ಹೂ ಕಾಣಬಹುದು. ನಾನು ಸೆಪ್ಟೆಂಬರ್ ಮೊದಲ ವಾರ ಹಾಕುತ್ತೇನೆ. ಇಲ್ಲಿ ಡಿಸೆಂಬರ್ ರಾತ್ರಿ 14, 15 ಡಿಗ್ರಿ. ನೆನೆಸಿದ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರಡು ಮೂರು ವಾರ ಫ್ರಿಜ್ಜಿನಲ್ಲಿ ಇಟ್ಟು ಆಮೇಲೆ ಹಾಕಿದರೆ ಹೂ ಬೇಗ ಬಂದಿದೆ, ನನ್ನ ಅನುಭವ.

ಕೋತಗಿರಿ ಹಟ್ಟಿ · ಸೆಪ್ಟೆಂಬರ್ 12

ಹೊಸೂರಿನವರೇ, ಫ್ರಿಜ್ ವಿಷಯ ನಾನು ಒಪ್ಪುವುದಿಲ್ಲ. ಕಾಳಿಗೆ ಬೆಳೆಯುವ ಸಣ್ಣ ಎಲೆಯ ಲೂಪಿನ್‌ನಲ್ಲಿ ನೆನೆದ ಬೀಜಕ್ಕೆ ಚಳಿ ಕೊಟ್ಟರೆ ಹೂ ಬೇಗ ಬರುತ್ತದೆ, ಸರಿ. ರಸೆಲ್‌ನಲ್ಲಿ ಗಿಡವೇ ಚಳಿಯಲ್ಲಿ ನಿಲ್ಲಬೇಕು. ನಿಮ್ಮಲ್ಲಿ ಹೂ ಬಂದದ್ದು ಹೊಸೂರಿನ ರಾತ್ರಿ ತಂಪು ಇರುವುದರಿಂದ, ಫ್ರಿಜ್ಜಿನಿಂದ ಅಲ್ಲ. ಬದಿಯಡ್ಕದಲ್ಲಿ ಅದನ್ನು ನಂಬಿದರೆ ಅಕ್ಕನಿಗೆ ಇನ್ನೊಂದು ವರ್ಷ ಹೋಗುತ್ತದೆ.

ಹೊಸೂರು ಕುಂಡ · ಸೆಪ್ಟೆಂಬರ್ 13

ಇರಬಹುದು ಅಣ್ಣ. ನಾನು ಫ್ರಿಜ್ಜಿನಲ್ಲಿ ಇಡದ ಬೀಜವನ್ನು ಪಕ್ಕದಲ್ಲಿ ಹಾಕಿ ಹೋಲಿಸಿ ನೋಡಿಲ್ಲ. ಈ ಸಲ ಅರ್ಧರ್ಧ ಮಾಡುತ್ತೇನೆ.

ಬದಿಯಡ್ಕದ ಹಿತ್ತಿಲು · ಸೆಪ್ಟೆಂಬರ್ 14

ಎಲ್ಲರ ಮಾತನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಹಾರ್ಟ್ವೆಗಿ 20 ಬೀಜ ತರಿಸುತ್ತೇನೆ. ಇಲ್ಲಿ ತುಲಾ ಮಳೆ ಅಕ್ಟೋಬರ್ ಕೊನೆಯವರೆಗೂ ಹೊಡೆಯುತ್ತದೆ. ಹಾಗಾಗಿ ಅಕ್ಟೋಬರ್ ಮಧ್ಯದಲ್ಲಿ ಜಗಲಿಯ ಮಾಡಿನ ಕೆಳಗೆ ಹಾಕಿ, ಮಳೆ ಬಿಟ್ಟ ಮೇಲೆ ಹೊರಗೆ ಇಡುವುದು. ತೊಟ್ಟೆಯ ಬದಲು ಅಡಿಕೆ ಹಾಳೆಯನ್ನು ಸುರುಳಿ ಸುತ್ತಿ ಬಾಳೆನಾರಿನಲ್ಲಿ ಕಟ್ಟಿ ಒಂದು ಮೊಳ ಆಳದ ಕೊಳವೆ ಮಾಡುತ್ತೇನೆ. ಹಾಳೆ ಸಮೇತ ದೊಡ್ಡ ಚಟ್ಟಿಗೆ ಇಳಿಸಿದರೆ ಬೇರಿಗೆ ಗೊತ್ತೇ ಆಗುವುದಿಲ್ಲ, ಅಲ್ವಾ? ಮಣ್ಣಿಗೆ ಮುರಮಣ್ಣು ಎರಡು ಪಾಲು, ಹೊಳೆಮರಳು ಒಂದು ಪಾಲು, ತರಗೆಲೆ ಗೊಬ್ಬರ ಸ್ವಲ್ಪ. ಬುಡ ಕೊಳೆಯದ ಹಾಗೆ ಟ್ರೈಕೊಡರ್ಮ ಎಂಬ ಒಳ್ಳೆಯ ಶಿಲೀಂಧ್ರದ ಪುಡಿ.

ಮಂಜೇಶ್ವರ ಮಾಷ್ಟ್ರು · ಸೆಪ್ಟೆಂಬರ್ 14

ಹಾಳೆಯ ಯೋಚನೆ ಬಹಳ ಒಳ್ಳೆಯದು. ಸಗಣಿ ಗೊಬ್ಬರ ಜಾಸ್ತಿ ಹಾಕಬೇಡಿ. ಸಾರಜನಕವನ್ನು ಅದು ತಾನೇ ಮಾಡಿಕೊಳ್ಳಬಲ್ಲ ಗಿಡ. ಹೆಚ್ಚು ಕೊಟ್ಟರೆ ಎಲೆಯೇ ಬೆಳೆಯುತ್ತದೆ. ಬೆಳಗಿನ ಬಿಸಿಲು ಪೂರ್ತಿ ಬೀಳಲಿ, ಮಧ್ಯಾಹ್ನ ಎರಡು ಗಂಟೆಯ ಮೇಲೆ ನೆರಳು ಸಿಗಲಿ.

ಬದಿಯಡ್ಕದ ಹಿತ್ತಿಲು · ನವೆಂಬರ್ 19

ಇಪ್ಪತ್ತರಲ್ಲಿ ಹದಿಮೂರು ಮೊಳಕೆ. ಎರಡನ್ನು ಬಸವನಹುಳು ತಿಂದಿತು. ಹನ್ನೊಂದು ಉಂಟು. ಹಾಳೆಯ ಅಡಿಯಿಂದ ಬಿಳಿ ಬೇರು ಹೊರಗೆ ಇಣುಕಿದ ದಿನವೇ ಚಟ್ಟಿಗೆ ಇಳಿಸಿದೆ. ಒಂದೂ ಬಾಡಲಿಲ್ಲ!

ತಾಳವಾಡಿ ಚೆಂಡುಹೂ · ನವೆಂಬರ್ 20

ಒಳ್ಳೇ ಸುದ್ದಿ ಅಕ್ಕ. ನಾನು ಬೇಲಿ ಬಿಟ್ಟು, ಹಸು ಹೋಗದ ಹಿತ್ತಲಲ್ಲಿ ಗ್ಯಾಲರಿ ಆರು ಗಿಡ ಹಾಕಿದ್ದೇನೆ. ದಿಂಬಂ ಕಡೆಯಿಂದ ತಂಪು ಗಾಳಿ ಶುರುವಾಗಿದೆ.

ಬದಿಯಡ್ಕದ ಹಿತ್ತಿಲು · ಜನವರಿ 28

ಇವತ್ತು ಬೆಳಿಗ್ಗೆ ಕಾಫಿ ಕುಡಿಯದೆ ಬರೆಯುತ್ತಿದ್ದೇನೆ. ಹೂ ಬಂತು.

ನಾಲ್ಕು ಗಿಡದಲ್ಲಿ ಗೊನೆ ಉಂಟು. ಒಂದು ಪೂರ್ತಿ ಅರಳಿದೆ. ಗೊನೆ ನನ್ನ ಗೇಣಿಗಿಂತ ಸ್ವಲ್ಪ ಚಿಕ್ಕದು. ಕೆಳಗಿನ ಹೂಗಳು ನೀಲಿ, ನಡುವೆ ತಿಳಿ ಗುಲಾಬಿ, ತುದಿಯಲ್ಲಿ ಇನ್ನೂ ಹಸಿರು ಮೊಗ್ಗು. ಟೆಕಾಪೊದ ಹಾಗೆ ಖಂಡಿತ ಇಲ್ಲ. ಅತ್ತೆಗೆ 84 ವರ್ಷ, ಕಣ್ಣು ಮಂಜು. ಗೊನೆಯನ್ನು ಬೆರಳಲ್ಲಿ ಕೆಳಗಿನಿಂದ ಮೇಲಕ್ಕೆ ಮುಟ್ಟಿ ನೋಡಿ, ಅವರೆ ಹೂವಿನ ಹಾಗೇ ಉಂಟಲ್ಲಾ ಅಂದರು. ಯಾರೂ ಅವರಿಗೆ ಹೇಳಿರಲಿಲ್ಲ.

ಉಳಿದ ಏಳರಲ್ಲಿ ಮೂರು ಸತ್ತವು. ಪಶ್ಚಿಮದ ಗೋಡೆಯ ಬದಿ ಇಟ್ಟವು ಅವು, ಸಂಜೆಯವರೆಗೂ ಗೋಡೆಯ ಕಾವು. ನಾಲ್ಕು ಗಿಡ ಎಲೆಯಲ್ಲೇ ಉಳಿದಿವೆ. ಹೂ ಬಂದದ್ದು ಬಾವಿಕಟ್ಟೆಯ ಬದಿಯವಕ್ಕೆ ಮಾತ್ರ. ಅಲ್ಲಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ನೀರು ಬೀಳುವ ತೊಟ್ಟಿ ಉಂಟು, ಹಲಸಿನ ಮರದ ನೆರಳು ಉಂಟು. ಥರ್ಮಾಮೀಟರ್ ಇಟ್ಟು ನೋಡಿದೆ. ಬೆಳಗಿನ ಜಾವ ಅಂಗಳಕ್ಕಿಂತ ಅಲ್ಲಿ ಎರಡು ಡಿಗ್ರಿ ಕಡಿಮೆ. ಎರಡೇ ಎರಡು ಡಿಗ್ರಿ!

ಕೋತಗಿರಿ ಹಟ್ಟಿ · ಜನವರಿ 28

ಅಕ್ಕಾ, ತುಂಬಾ ಸಂತೋಷ. ಕಡಲ ಬದಿಯ ಆ ಸೆಕೆಯಲ್ಲಿ ಒಂದು ಗೊನೆ ಅಂದರೆ ನನ್ನ ಮನೆಯ ಐವತ್ತು ಗೊನೆಗೆ ಸಮ.

ಅಕ್ಕಲಕೋಟೆ ಎರೆಹೊಲ · ಜನವರಿ 29

ಶಭಾಶ್ ಅಕ್ಕಾವರೇ. ನಮ್ಮ ಬದುವಿನಲ್ಲಿ ಹೋದ ವರ್ಷ ಉದುರಿದ ಬೀಜ ತಾವೇ ಹುಟ್ಟಿವೆ. ಕೋತಗಿರಿಯವರ ಮಾತು ನೆನಪಿದೆ, ಬದು ದಾಟಿ ಹೋಗಲು ಬಿಡುವುದಿಲ್ಲ. ದಾಟಿದ್ದನ್ನು ಎಡೆ ಹೊಡೆಯುವಾಗ ತೆಗೆಯುತ್ತೇನೆ.

ಹೊಸೂರು ಕುಂಡ · ಫೆಬ್ರುವರಿ 3

ನನ್ನ ಅರ್ಧರ್ಧದ ಫಲಿತಾಂಶ. ಫ್ರಿಜ್ಜಿನಲ್ಲಿ ಇಟ್ಟದ್ದು, ಇಡದೆ ಇದ್ದದ್ದು, ಎರಡೂ ಒಂದೇ ವಾರದಲ್ಲಿ ಮೊಗ್ಗು. ಕೋತಗಿರಿ ಅಣ್ಣ ಹೇಳಿದ್ದು ನನ್ನ ಗಿಡಗಳ ಮಟ್ಟಿಗೆ ಸರಿ.

ಮಂಜೇಶ್ವರ ಮಾಷ್ಟ್ರು · ಫೆಬ್ರುವರಿ 4

ಅಕ್ಕಾ, ನಿಮ್ಮ ನಾಲ್ಕು ಗೊನೆ ನೋಡಿ ಒಂದು ಆಸೆ ಹುಟ್ಟಿತು. ಮಾರ್ಚ್ ಬಂದರೆ ಇವು ಮುಗಿಯುತ್ತವೆ. ಆ ಜಾಗವನ್ನು ಖಾಲಿ ಬಿಡಬೇಡಿ. ನಮ್ಮ ಗುಡ್ಡೆಗಳಲ್ಲಿ, ಕಡಲ ಬದಿಯಲ್ಲಿ ಹಳದಿ ಹೂವಿನ ಗೊನೆ ನೆಟ್ಟಗೆ ಬಿಡುವ ಒಂದು ಗಿಡ ಉಂಟು. ಒಣಗಿದ ಕಾಯಿ ಅಲ್ಲಾಡಿಸಿದರೆ ಗಿಲಗಿಲ ಅನ್ನುತ್ತದೆ. ಮಲಯಾಳದವರು ಕಿಲುಕ್ಕಿ ಅನ್ನುತ್ತಾರೆ. ಅದೂ ಈ ಹುರುಳಿ ಕುಟುಂಬದ್ದೇ, ಹೂವೂ ಹೀಗೆಯೇ. ಸೆಕೆ ಅದಕ್ಕೆ ಲೆಕ್ಕವೇ ಇಲ್ಲ. ನೀಲಿ ಹುಲಿ ಚಿಟ್ಟೆಗಳು ಆ ಗಿಡದ ರಸ ಹೀರಲು ಗುಂಪಾಗಿ ಬಂದು ಕೂರುತ್ತವೆ. ಅದೂ ದನಕ್ಕೆ ಒಳ್ಳೆಯದಲ್ಲ, ಹಟ್ಟಿಯಿಂದ ದೂರ ಹಾಕಿ.

ಮತ್ತೆ ನೀಲಿ ಹಾಸು ನೋಡಬೇಕು ಅಂತಾದರೆ, ಆಗಸ್ಟ್ ಕೊನೆಗೆ ನಮ್ಮ ಮುರಕಲ್ಲಿನ ಪಾರೆಗಳಿಗೆ ಹೋಗಿ. ಮಳೆನೀರು ತೆಳ್ಳಗೆ ನಿಂತ ಕಡೆ ಓಣಂ ಹೊತ್ತಿಗೆ ಕಾಕ್ಕಪೂ ಅರಳುತ್ತದೆ. ಗೇಣುದ್ದದ ಗಿಡ, ಸಣ್ಣ ನೀಲಿ ಹೂ, ಬುಡದ ಬೇರಿನಂಥ ಎಳೆಗಳ ಪುಟ್ಟ ಚೀಲಗಳಲ್ಲಿ ನೀರಿನ ಹುಳ ಹಿಡಿದು ತಿನ್ನುವ ಗಿಡ. ಅದನ್ನು ಚಟ್ಟಿಗೆ ತರಲು ಆಗದು. ಹೋಗಿಯೇ ನೋಡಬೇಕು. ಪಾರೆಯ ಕಲ್ಲು ಕೊರೆದು ಸಾಗಿಸುವುದು ಹೀಗೇ ನಡೆದರೆ ನೋಡಲು ಸಿಗುವುದೂ ಇಲ್ಲ.

ಬದಿಯಡ್ಕದ ಹಿತ್ತಿಲು · ಫೆಬ್ರುವರಿ 4

ಕಾಕ್ಕಪೂ ನಾನು ಸಣ್ಣವಳಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ತುಳಿದುಕೊಂಡೇ ಹೋಗುತ್ತಿದ್ದೆವು ಮಾಷ್ಟ್ರೇ. ಆ ಪಾರೆ ಈಗ ಅರ್ಧ ಉಂಟು. ಈ ಆಗಸ್ಟಿನಲ್ಲಿ ಅತ್ತೆಯನ್ನೂ ಕರೆದುಕೊಂಡು ಹೋಗುತ್ತೇನೆ.

ಬದಿಯಡ್ಕದ ಹಿತ್ತಿಲು · ಮಾರ್ಚ್ 22

ಗಿಡ ಎಲ್ಲ ಒಣಗಿತು. ಕೇಳಿದವರಿಗಾಗಿ ಕೊನೆಯ ಸುದ್ದಿ. ಬಾವಿಕಟ್ಟೆಯ ಒಂದು ಗಿಡದಲ್ಲಿ ಮಾತ್ರ ಕಾಯಿ ಬಲಿತಿತ್ತು. ಕಾಯಿ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಕೊಯ್ದು ಕಾಗದದ ಚೀಲದಲ್ಲಿ ಹಾಕಿ ಜಗಲಿಯಲ್ಲಿ ಇಟ್ಟಿದ್ದೆ. ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದ್ದೆ. ಟಪ್ ಅಂತ ಸದ್ದು. ಹಲ್ಲಿ ಬಿತ್ತು ಅಂದುಕೊಂಡೆ. ಮತ್ತೆ ಟಪ್. ಎದ್ದು ಬಂದು ನೋಡಿದರೆ ಚೀಲ ಅಲ್ಲಾಡುತ್ತಿತ್ತು. ಕಾಯಿ ಸುರುಳಿ ಸುತ್ತಿ ಸಿಡಿದು ಬೀಜ ಹಾರಿಸುತ್ತಿತ್ತು. ಏಳು ಬೀಜ ಸಿಕ್ಕಿತು. ಅತ್ತೆ ಅದನ್ನು ಅರಿಶಿನದ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ತಿನ್ನಬಾರದು ಅಂತ ನಾನು ಬರೆದಿದ್ದೇನೆ.

ತಾಳವಾಡಿ ಚೆಂಡುಹೂ · ಮಾರ್ಚ್ 22

ಅಕ್ಕ, ಅಕ್ಟೋಬರಿನಲ್ಲಿ ಏಳನ್ನೂ ಒಟ್ಟಿಗೆ ಹಾಕಬೇಡಿ. ಎರಡು ಎತ್ತಿಡಿ.